ಹಾಸಿಗೆಯಿಂದ ಇಳಿದ ಕಾಲು

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮರುದಿನವೇ ನನಗೆ ವಾಕರ್ ಕೊಟ್ಟು ನಡೆಸಿದರು. ನೋಡಲು ಬಂದ ಹಿರಿಯರಿಗೆ ಇದು ಹಿಡಿಸಲಿಲ್ಲ. 'ಕಾಲು ಇಷ್ಟು ಊದಿಕೊಂಡಿದೆ, ಅಲ್ಲಾಡದೆ ಮಲಗಬಾರದೆ?' ಎಂದರು. ಅದನ್ನು ಅಜ್ಞಾನ ಎನ್ನಲಾರೆ. ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದ ಮಾತದು.

ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ವಿಶ್ರಾಂತಿಯನ್ನೇ ದೊಡ್ಡ ಔಷಧವೆಂದು ಪ್ರತಿಪಾದಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಹೊಟ್ಟೆಯ ಆಪರೇಷನ್ ಆದವರು ಎರಡು ಮೂರು ವಾರ ಹಾಸಿಗೆಯಲ್ಲೇ ಇರಬೇಕಿತ್ತು.

ಆದರೆ ಕಾಲಿನ ರಕ್ತ ಮೇಲೇರಲು ನಡಿಗೆ ಬೇಕು. ಅಭಿಧಮನಿಗಳಲ್ಲಿ ಒಂದೇ ದಿಕ್ಕಿಗೆ ತೆರೆಯುವ ಕವಾಟಗಳಿವೆ. 1603ರಲ್ಲಿ ಪಡುವಾದ ಫ್ಯಾಬ್ರಿಸಿಯಸ್ ಅವುಗಳನ್ನು ವಿವರಿಸಿದ. ಅವು ರಕ್ತವನ್ನು ಹೃದಯದ ಕಡೆಗಷ್ಟೇ ಬಿಡುತ್ತವೆಂದು 1628ರಲ್ಲಿ ತೋರಿಸಿದವನು ಅವನ ಶಿಷ್ಯ ವಿಲಿಯಂ ಹಾರ್ವೆ. ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡದ ಸ್ನಾಯು ಆ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲ್ಲಾಡದೆ ಮಲಗಿದರೆ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಜೀವ ತೆಗೆಯುವ ಹೆಪ್ಪು ಕಾಲಿನಿಂದಲೂ ಹೊರಟಿರಬಹುದು ಎಂದು 1840ರ ದಶಕದಲ್ಲೇ ಬರ್ಲಿನ್ನಿನ ರುಡಾಲ್ಫ್ ವಿರ್ಕೋ ತೋರಿಸಿಕೊಟ್ಟಿದ್ದ.

1899ರಲ್ಲಿ ಶಿಕಾಗೋದ ಎಮಿಲ್ ರೀಸ್ ತನ್ನ ರೋಗಿಗಳನ್ನು ಬೇಗನೆ ಎಬ್ಬಿಸಿದ ಅನುಭವವನ್ನು ಬರೆದ. ಕಿವಿಗೊಟ್ಟವರು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಹಾಸಿಗೆಗಳೂ ದಾದಿಯರೂ ಸಾಲದಾದಾಗ ಬೇಗ ಎಬ್ಬಿಸುವುದು ಅನಿವಾರ್ಯವಾಯಿತು. ಎದ್ದವರು ಚೆನ್ನಾಗಿಯೇ ಚೇತರಿಸಿಕೊಂಡರು. 1947ರಲ್ಲಿ ರಿಚರ್ಡ್ ಆಶರ್ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಬರೆದ.

ಬಿಗಿ ಕಾಲುಚೀಲದ ಕಥೆ ಬೇರೆ. ಅಮೆರಿಕದ ಟೊಲಿಡೊದಲ್ಲಿದ್ದ ಎಂಜಿನಿಯರ್ ಕಾನ್ರಾಡ್ ಜಾಬ್ಸ್ಟ್‌ಗೆ ಕಾಲಿನ ಅಭಿಧಮನಿಗಳ ಕಾಯಿಲೆಯಿತ್ತು. ಈಜುಕೊಳದಲ್ಲಿ ನಿಂತಾಗ ನೋವು ಇಳಿಯುತ್ತಿತ್ತು. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದಲ್ಲ! ಅದೇ ಲೆಕ್ಕದಲ್ಲಿ, ಪಾದದ ಗಂಟಿನ ಬಳಿ ಹೆಚ್ಚು ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗುವ ಚೀಲವನ್ನು 1950ರ ಸುಮಾರಿಗೆ ರೂಪಿಸಿದ.

ಕಾಲನ್ನು ದಿಂಬಿನ ಮೇಲೆ ಹೃದಯಕ್ಕಿಂತ ಎತ್ತರಕ್ಕಿಡುವುದು, ಪಾದ ಆಡಿಸುವುದು, ನಡೆಯುವುದು, ಚೀಲ ಧರಿಸುವುದು ಎಲ್ಲವೂ ಮಾಡುವುದು ಒಂದೇ ಕೆಲಸ: ನಿಂತ ರಕ್ತವನ್ನು ಮೇಲಕ್ಕೆ ಕಳಿಸುವುದು. ಚೀಲ ಮಾತ್ರ ವೈದ್ಯರನ್ನು ಕೇಳಿಯೇ ಹಾಕಬೇಕು. ಅಪಧಮನಿ ಕಿರಿದಾದವರಿಗೆ ಅದು ಕೇಡು ಮಾಡಬಹುದು.

ಶಸ್ತ್ರಚಿಕಿತ್ಸೆಯ ಬಳಿಕ ಒಂದಿಷ್ಟು ಊತ ಸಹಜ. ಆದರೆ ಮೀನಖಂಡ ಇದ್ದಕ್ಕಿದ್ದಂತೆ ಊದಿ, ನೋವಿನಿಂದ ಬಿಸಿಯಾಗಿ ಕೆಂಪೇರಿದರೆ ಎಣ್ಣೆ ಹಚ್ಚಿ ನೀವಬಾರದು, ಕೂಡಲೇ ವೈದ್ಯರಿಗೆ ತೋರಿಸಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಬೇಕು.