ವೈರಸ್ ಅಲ್ರೀ, ಕೆಪಾಸಿಟರ್: ನಮ್ಮ ಕಡೆಯ ಕಂಪ್ಯೂಟರ್‌ಗಳು ಕೆಟ್ಟ ಕಥೆ

ಈ ಎಪಿಸೋಡ್ ಒಂದು ವಾರ ತಡ ಆಗಿದೆ, ಕಾರಣ ನನ್ನ ಹಳೇ ಡೆಸ್ಕ್‌ಟಾಪ್. ಎಡಿಟ್ ಮಾಡ್ತಾ ಇದ್ದೆ, ಪಟ್ಟಂತ ಆಫ್ ಆಯ್ತು. ತಾನೇ ಆನ್ ಆಯ್ತು, ಮತ್ತೆ ಆಫ್. ಮೂರನೇ ಸಲ ಫ್ಯಾನ್ ಮಾತ್ರ ತಿರುಗ್ತು, ಪರದೆ ಮೇಲೆ ಏನೂ ಇಲ್ಲ. ಹೊತ್ತುಕೊಂಡು ಅಂಗಡಿಗೆ ಹೋದರೆ, ಅಲ್ಲಿದ್ದ ಹುಡುಗ ಬಟನ್ ಕೂಡ ಒತ್ತಿ ನೋಡಲಿಲ್ಲ. "ಅಣ್ಣಾ, ವೈರಸ್ ಬಂದೈತಿ. ಫಾರ್ಮ್ಯಾಟ್ ಹೊಡಿಬೇಕು" ಅಂದ.

ಪರದೆಯೇ ಬರದ ಮಷೀನಿಗೆ ಫಾರ್ಮ್ಯಾಟ್! ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಊರಿನವರನ್ನಾದರೂ ಕೇಳಿ ನೋಡ್ರಿ, ಈ ಡೈಲಾಗ್ ಗೊತ್ತಿಲ್ಲದವರು ಸಿಗಲಿಕ್ಕಿಲ್ಲ. ಈ ಮಾತನ್ನ ನಂಬಿ ಎಷ್ಟು ಮದುವೆ ಫೋಟೋ, ಎಷ್ಟು ವರ್ಷದ ಟ್ಯಾಲಿ ಲೆಕ್ಕ ಅಳಿಸಿ ಹೋಗಿರಬಹುದು? ಹಾಗಾಗಿ ಇವತ್ತಿನ ಇತಿಹಾಸ ರಾಜರದ್ದಲ್ಲ. ಕಂಪ್ಯೂಟರ್ ಕೆಟ್ಟಾಗ ತಪ್ಪು ಯಾರದು ಅಂತ ಜನ ಹೇಗೆ ಹುಡುಕುತ್ತ ಬಂದರು ಅನ್ನೋದು.

ಮೊದಲು ಒಂದು ಸಣ್ಣ ವಿಷಯ. ಬಟನ್ ಒತ್ತಿದ ತಕ್ಷಣ ವಿಂಡೋಸ್ ಬರೋದಿಲ್ಲ. ಮೊದಲು ಕರೆಂಟ್ ಸರಿಯಾಗಿ ಸಿಗಬೇಕು. ಆಮೇಲೆ ಮದರ್‌ಬೋರ್ಡ್ ಮೇಲಿನ ಬಯೋಸ್ ಅನ್ನೋ ಪುಟ್ಟ ಪ್ರೋಗ್ರಾಂ ಎದ್ದು ರ‍್ಯಾಮ್ ಇದೆಯಾ, ಡಿಸ್‌ಪ್ಲೇ ಇದೆಯಾ ಅಂತ ಹಾಜರಿ ತಗೋತದೆ. ಇದಕ್ಕೆ ಪವರ್ ಆನ್ ಸೆಲ್ಫ್ ಟೆಸ್ಟ್ ಅಂತಾರೆ. ಆ ಹಾಜರಿ ಮುಗಿದ ಮೇಲೇ ಹಾರ್ಡ್ ಡಿಸ್ಕ್, ಕೊನೆಗೆ ವಿಂಡೋಸ್. ಹಾಜರಿ ಹಂತದಲ್ಲೇ ನಿಂತ ಮಷೀನಿಗೆ ಫಾರ್ಮ್ಯಾಟ್ ಮಾಡೋದು ಅಂದ್ರೆ, ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದಾಗ ಟ್ರಾಲಿ ತೊಳೆದ ಹಾಗೆ.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೇ ಈ ಹಾಜರಿ ಇತ್ತು. ಪರದೆಯೇ ಕೆಟ್ಟಿದ್ದರೆ ತಪ್ಪು ತೋರಿಸೋದು ಎಲ್ಲಿ? ಅದಕ್ಕೇ ಬೀಪ್ ಶಬ್ದ. ಒಂದು ಸಣ್ಣ ಬೀಪ್ ಬಂದರೆ ಎಲ್ಲ ಸರಿ. ಆಮೇಲೆ ಬಯೋಸ್ ಮಾಡೋ ಕಂಪನಿಗಳು ತಮ್ಮ ತಮ್ಮ ಭಾಷೆ ಮಾಡಿಕೊಂಡವು. ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ತೊಂದರೆ. ಉದ್ದ ಬೀಪ್ ಬಿಟ್ಟು ಬಿಟ್ಟು ಬರ್ತಾನೇ ಇದ್ದರೆ ರ‍್ಯಾಮ್. ಆಗ ರ‍್ಯಾಮ್ ಕಿತ್ತು, ಅದರ ಬಂಗಾರ ಬಣ್ಣದ ಕಾಲುಗಳನ್ನ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ವಾಪಸ್ ಹಾಕೋದು. ನಗಬೇಡ್ರಿ, ಇದು ನಿಜವಾಗಲೂ ಕೆಲಸ ಮಾಡುತ್ತೆ. ಧೂಳು, ತೇವದಿಂದ ಸಂಪರ್ಕ ಕೆಟ್ಟಿರುತ್ತೆ, ಉಜ್ಜಿದರೆ ಸರಿಹೋಗುತ್ತೆ. ತಂಬಾಕಿನ ನಿಪ್ಪಾಣಿ, ಸಕ್ಕರೆ ಕಾರ್ಖಾನೆಯ ಉಗಾರ ಇರೋ ಸೀಮೆ ನಮ್ಮದು. ಧೂಳಿಗೇನು ಕಡಿಮೆ?

ಈಗಿನ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಆ ಪುಟ್ಟ ಸ್ಪೀಕರ್ ಇರೋದೇ ಇಲ್ಲ. ಮಷೀನ್ ಹೇಳೋಕೆ ತಯಾರಿದ್ದರೂ ಬಾಯಿಲ್ಲ.

ಕಂಪ್ಯೂಟರ್ ನಮ್ಮ ಭಾಗದ ರೈತರ ಬದುಕಿಗೆ ನೇರ ಕೈ ಹಾಕಿದ್ದು 2001ರ ಸುಮಾರಿಗೆ, ಭೂಮಿ ಯೋಜನೆ ಬಂದಾಗ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ್ದು. ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದವು, 15 ರೂಪಾಯಿ ಕೊಟ್ಟರೆ ಪ್ರಿಂಟ್. ಕೈಬರಹದ ಪಹಣಿಗೆ ಬೆಲೆ ಹೋಯಿತು. ಆಗ ನಿಪ್ಪಾಣಿ, ಕಾಗವಾಡ ಇನ್ನೂ ತಾಲ್ಲೂಕು ಆಗಿರಲಿಲ್ಲ. ನಿಪ್ಪಾಣಿಯವರು ಚಿಕ್ಕೋಡಿಗೆ, ಕಾಗವಾಡದವರು ಅಥಣಿಗೆ ಹೋಗಬೇಕಿತ್ತು. ಯೋಜನೆ ಒಳ್ಳೇದೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅಂದಿನಿಂದ ನಮ್ಮ ಅಜ್ಜಂದಿರ ಬಾಯಿಗೂ ಒಂದು ಹೊಸ ಮಾತು ಬಂತು: ಸಿಸ್ಟಂ ಬಂದ್ ಐತಿ. ಪೀಕಸಾಲಕ್ಕೆ ಪಹಣಿ ಬೇಕು, ಊರಿಂದ ಬಸ್ ಹಿಡಿದು ಬಂದದ್ದಾಗಿದೆ, ಮಷೀನ್ ಏಳ್ತಿಲ್ಲ ಅಂದ್ರೆ ಆ ದಿನದ ದುಡಿಮೆ ಹೋದಂಗ.

ಹಾಗಾದ್ರೆ ಎಲ್ಲದಕ್ಕೂ ವೈರಸ್ ಅನ್ನೋ ಚಟ ಎಲ್ಲಿಂದ ಬಂತು? ಪೂರ್ತಿ ಸುಳ್ಳಿನಿಂದಲ್ಲ. 1998ರಲ್ಲಿ ತೈವಾನ್‌ನ ಚೆನ್ ಇಂಗ್-ಹೌ ಅನ್ನೋ ವಿದ್ಯಾರ್ಥಿ ಸಿಐಎಚ್ ವೈರಸ್ ಬರೆದ. 1999ರ ಏಪ್ರಿಲ್ 26ರಂದು ಅದು ಜಗತ್ತಿನ ತುಂಬ ವಿಂಡೋಸ್ 95, 98 ಮಷೀನುಗಳಲ್ಲಿ ಸಿಡಿಯಿತು, ಭಾರತದಲ್ಲೂ. ಚೆರ್ನೋಬಿಲ್ ದುರಂತ ನಡೆದ ತಾರೀಖೇ ಅದು, ಹಾಗಾಗಿ ಚೆರ್ನೋಬಿಲ್ ವೈರಸ್ ಅಂತಲೂ ಕರೆದರು. ಡಿಸ್ಕಿನ ಆರಂಭದ ಭಾಗ ಅಳಿಸಿದ್ದಷ್ಟೇ ಅಲ್ಲ, ಕೆಲವು ಮದರ್‌ಬೋರ್ಡ್‌ಗಳ ಬಯೋಸ್ ಚಿಪ್ಪನ್ನೂ ಕೆಡಿಸಿತು. ಆನ್ ಮಾಡಿದರೆ ಕಪ್ಪು ಪರದೆ, ಥೇಟ್ ಹಾರ್ಡ್‌ವೇರ್ ಸತ್ತ ಹಾಗೆ. ಆ ಒಂದು ಹೆದರಿಕೆ ರಿಪೇರಿ ಲೋಕದಲ್ಲಿ ಉಳಿದುಬಿಡ್ತು ಅಂತ ನನ್ನ ಲೆಕ್ಕ.

ಆಮೇಲೆ ಉಲ್ಟಾ ಕಥೆ ನಡೀತು ನೋಡ್ರಿ. 2002ರ ಹೊತ್ತಿಗೆ ಒಂದೆರಡು ವರ್ಷ ಹಳೇದಾದ ಮದರ್‌ಬೋರ್ಡ್‌ಗಳು ಸಾಲುಸಾಲಾಗಿ ಕೆಡೋಕೆ ಶುರುವಾದವು. ವೈರಸ್ ಸ್ಕ್ಯಾನ್ ಮಾಡಿದರೆ ಏನಿಲ್ಲ, ಫಾರ್ಮ್ಯಾಟ್ ಮಾಡಿದರೆ ನಾಲ್ಕು ದಿನ ಓಡಿ ಮತ್ತೆ ನಿಲ್ಲುತ್ತೆ. ಕ್ಯಾಬಿನೆಟ್ ಬಿಚ್ಚಿ ನೋಡಿದವರಿಗೆ ಉತ್ತರ ಕಣ್ಣೆದುರಿಗೇ ಇತ್ತು. ಪ್ರೊಸೆಸರ್ ಪಕ್ಕ ಸಣ್ಣ ಡಬ್ಬಿಗಳ ಹಾಗೆ ನಿಂತಿರ್ತಾವಲ್ಲ, ಆ ಕೆಪಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿತ್ತು. ಕೆಲವು ಒಡೆದು ಕಂದು ಬಣ್ಣದ ರಸ ಸುರಿದಿತ್ತು.

ಕೆಪಾಸಿಟರ್ ಕೆಲಸ ಅಂದ್ರೆ ಏರಿಳಿಯೋ ಕರೆಂಟನ್ನ ಸಮ ಮಾಡಿ ಪ್ರೊಸೆಸರ್‌ಗೆ ಕೊಡೋದು. ಊರಿನ ನೀರಿನ ಟಾಕಿ ಅಂದುಕೊಳ್ರಿ, ಬೋರ್‌ವೆಲ್ ಹೆಂಗಾದರೂ ಕೊಡಲಿ, ನಳದಾಗ ಸಮನಾಗಿ ಬರಬೇಕು. ಆ ಕಾಲದ ಕೆಲವು ತೈವಾನ್ ತಯಾರಕರು ಬಳಸಿದ ನೀರಿನಂಶ ಹೆಚ್ಚಿರೋ ದ್ರಾವಣದಲ್ಲಿ, ಅಲ್ಯೂಮಿನಿಯಂ ಕೊರೆಯೋದನ್ನ ತಡೆಯೋ ರಾಸಾಯನಿಕ ಸರಿಯಾಗಿರಲಿಲ್ಲ. ಒಳಗೆ ಹೈಡ್ರೋಜನ್ ಅನಿಲ ಹುಟ್ಟಿ ಡಬ್ಬಿ ಉಬ್ಬುತ್ತಿತ್ತು. ಜಪಾನಿನಿಂದ ಯಾರೋ ಫಾರ್ಮುಲಾ ಕದ್ದರು, ಅರ್ಧ ಮಾತ್ರ ಕದ್ದರು ಅಂತ ಒಂದು ಕಥೆ ಭಾರೀ ಓಡಾಡಿತು. ಕೇಳೋಕೆ ಸಿನಿಮಾ ಥರ ಇದೆ, ಆದರೆ ಪೂರ್ತಿ ಸಾಬೀತಾಗಿಲ್ಲ.

ದೊಡ್ಡ ಕಂಪನಿಗಳೂ ತಪ್ಪಿಸಿಕೊಳ್ಳಲಿಲ್ಲ. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಮಾಡೆಲ್‌ಗಳು ಇದರಲ್ಲಿ ಸಿಕ್ಕಿಬಿದ್ದವು, 2005ರಲ್ಲಿ ರಿಪೇರಿ ಖರ್ಚಿಗೆ ಅಂತಲೇ ಕಂಪನಿ 30 ಕೋಟಿ ಡಾಲರ್ ತೆಗೆದಿಡಬೇಕಾಯ್ತು. ಅದು ಅಮೆರಿಕದ ವಾರಂಟಿ ಗಿರಾಕಿಗಳ ಮಾತು. ಸೆಕೆಂಡ್ ಹ್ಯಾಂಡ್ ಪಿಸಿ, ಅಸೆಂಬಲ್ ಮಾಡಿದ ಪಿಸಿ ಕೊಂಡು ಸೈಬರ್ ಕೆಫೆ, ಡಿಟಿಪಿ ಸೆಂಟರ್ ಹಾಕಿದ ನಮ್ಮ ಹುಡುಗರಿಗೆ ಯಾರು ಕೊಡ್ತಾರೆ? ಇಪ್ಪತ್ತು ರೂಪಾಯಿಯೊಳಗಿನ ಒಂದು ಬಿಡಿಭಾಗಕ್ಕೆ ಇಡೀ ಬೋರ್ಡ್ ಗುಜರಿಗೆ ಹೋಗ್ತಿತ್ತು. ಬೆಸುಗೆ ಹಾಕೋದು ಗೊತ್ತಿದ್ದ ಹಳೇ ರೇಡಿಯೋ, ಟಿವಿ ರಿಪೇರಿ ಕಾಕಾಗಳು ಇಂಥದ್ದನ್ನ ಸಲೀಸಾಗಿ ಬದಲಿಸಬಲ್ಲವರು. ಆದರೆ ಕಂಪ್ಯೂಟರ್ ಅಂದ ಕೂಡಲೇ ಅವರ ಹತ್ತಿರ ಒಯ್ಯಬೇಕು ಅಂತ ಎಷ್ಟು ಜನಕ್ಕೆ ಹೊಳೀತು? ಈ ಇತಿಹಾಸದಲ್ಲಿ ನನಗೆ ಹೆಚ್ಚು ಬೇಜಾರಾಗೋ ಜಾಗ ಇದು.

ಈಗ ಸ್ವಲ್ಪ ನನ್ನ ಬಿ.ಕಾಂ. ಹೊರಗೆ ತೆಗೀತೀನಿ. ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ ಅಂದ್ರೆ ನಮ್ಮ ಸರ್ ಹೇಳೋರು: ವ್ಯತ್ಯಾಸ 9ರಿಂದ ಭಾಗ ಆದರೆ ಎಲ್ಲೋ 54 ಬರೆಯೋ ಕಡೆ 45 ಬರೆದಿರಬಹುದು ಅಂತ. ಅಂದ್ರೆ ತಪ್ಪಿನ ಆಕಾರ ನೋಡಿ ತಪ್ಪು ಹಿಡಿಯೋದು. ಕಂಪ್ಯೂಟರ್‌ನಲ್ಲೂ ಇದೇ ಆಟ. 2003ರ ಮೇ 18ರಂದು ಬೆಲ್ಜಿಯಂ ದೇಶದ ಚುನಾವಣೆ. (ಬೆಳಗಾವಿ ಅಲ್ರೀ, ಬೆಲ್ಜಿಯಂ.) ಬ್ರಸೆಲ್ಸ್ ಹತ್ತಿರದ ಸ್ಕಾರ್ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ, ಬರೋಕೆ ಸಾಧ್ಯವೇ ಇಲ್ಲದಷ್ಟು ಮತ ಬಂದಿತ್ತು. ಮತ್ತೆ ಎಣಿಸಿದರೆ ಹೆಚ್ಚಾಗಿದ್ದದ್ದು ಸರಿಯಾಗಿ 4096. ಎರಡನ್ನ ಹನ್ನೆರಡು ಸಲ ಗುಣಿಸಿದರೆ ಬರೋ ಸಂಖ್ಯೆ ಅದು. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿತ್ತು. ಮಷೀನನ್ನ ಮತ್ತೆ ಮತ್ತೆ ಪರೀಕ್ಷೆ ಮಾಡಿದರೂ ದೋಷ ಸಿಗಲಿಲ್ಲ. ಬಾಹ್ಯಾಕಾಶದಿಂದ ಬರೋ ಕಣ ಬಡಿದಿರಬಹುದು ಅನ್ನೋದು ತಜ್ಞರ ಊಹೆ, ಊಹೆ ಮಾತ್ರ.

ಆದರೆ ಎಲ್ಲ ಕ್ರ್ಯಾಶ್‌ಗೂ ಆಕಾಶ ತೋರಿಸಬೇಡ್ರಿ. 2011ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು ಹತ್ತು ಲಕ್ಷ ಮನೆ-ಬಳಕೆ ಪಿಸಿಗಳ ಕ್ರ್ಯಾಶ್ ಮಾಹಿತಿ ಜಾಲಾಡಿದರು. ಹಾರ್ಡ್‌ವೇರ್ ದೋಷದಿಂದ ಒಮ್ಮೆ ಬಿದ್ದ ಮಷೀನ್ ಮತ್ತೆ ಬೀಳೋ ಸಾಧ್ಯತೆ ನೂರು ಪಟ್ಟಿನವರೆಗೂ ಹೆಚ್ಚು ಅಂತ ಗೊತ್ತಾಯ್ತು. "ರೀಸ್ಟಾರ್ಟ್ ಆಯ್ತಲ್ಲ, ಬಿಡು" ಅನ್ನೋರು ಇದನ್ನ ಎರಡು ಸಲ ಕೇಳ್ರಿ. ಮೊದಲ ಕ್ರ್ಯಾಶ್ ಆದ ದಿನವೇ ಫೈಲ್‌ಗಳನ್ನ ಬೇರೆ ಕಡೆ ಕಾಪಿ ಮಾಡ್ರಿ.

2019ರ ಆಗಸ್ಟ್ ಮರೆಯೋ ಹಾಗಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಈ ಐದೂ ತಾಲ್ಲೂಕಿನ ಊರುಗಳಿಗೆ ನುಗ್ಗಿದವು. ಮನೆ, ದನ ಹೋದವರ ಮುಂದೆ ಕಂಪ್ಯೂಟರ್ ಮಾತು ಸಣ್ಣದು, ಗೊತ್ತು. ಆದರೂ ಹೇಳ್ತೀನಿ, ಮುಂದಿನ ಮಳೆಗಾಲಕ್ಕೆ ಬೇಕು. ನೀರಲ್ಲಿ ಮುಳುಗಿದ ಮಷೀನನ್ನ ಬಿಸಿಲಿಗಿಟ್ಟು ಸಂಜೆಗೇ ಆನ್ ಮಾಡಿದರೆ, ಬದುಕಬಹುದಾಗಿದ್ದದ್ದನ್ನೂ ಕೊಲ್ಲುತ್ತೀರಿ. ಪ್ಲಗ್ ಹಾಕಿದ್ದರೆ ಬಟನ್ ಒತ್ತದಿದ್ದರೂ ಬೋರ್ಡ್‌ಗೆ 5 ವೋಲ್ಟ್ ಹರೀತಾನೇ ಇರುತ್ತೆ. ಮಣ್ಣು ಕೂತ ಜಾಗದಲ್ಲಿ ಶಾರ್ಟ್ ಆಗುತ್ತೆ. ಹೆಚ್ಚಿನ ಹಾರ್ಡ್ ಡಿಸ್ಕ್‌ಗಳಿಗೆ ಗಾಳಿಯಾಡೋ ಸಣ್ಣ ರಂಧ್ರ ಇರುತ್ತೆ, ನೀರು ಅಲ್ಲಿಂದ ಒಳಗೆ ಹೋಗಿರಬಹುದು. ಅದರಲ್ಲಿ ಬೇಕಾದ ಲೆಕ್ಕ, ಫೋಟೋ ಇದ್ದರೆ ಆನ್ ಮಾಡದೇ ಡೇಟಾ ತೆಗೆಯೋರ ಹತ್ತಿರ ಒಯ್ರಿ.

ಇನ್ನು ನನ್ನ ಮಷೀನ್. ಆ ಹುಡುಗನಿಗೆ ಫಾರ್ಮ್ಯಾಟ್ ಬೇಡಪ್ಪಾ ಅಂತ ಹೇಳಿ ವಾಪಸ್ ತಂದೆ. ಹಾರ್ಡ್ ಡಿಸ್ಕ್, ಡಿವಿಡಿ ಎಲ್ಲ ಕಿತ್ತು ಬರೀ ಬೋರ್ಡ್, ಪ್ರೊಸೆಸರ್, ಒಂದೇ ರ‍್ಯಾಮ್ ಇಟ್ಟೆ. ಆಗಲೂ ಅದೇ ಗೋಳು. ಗೆಳೆಯನ ಮಲ್ಟಿಮೀಟರ್ ತಂದು ಎಸ್‌ಎಂಪಿಎಸ್‌ನ ಹಳದಿ ವೈರ್ ಅಳೆದೆ. 12 ವೋಲ್ಟ್ ಇರಬೇಕು, ಕಡಿಮೆ ಅಂದ್ರೂ 11.4. ತೋರಿಸಿದ್ದು 10.7. ಪಂಪ್‌ಸೆಟ್ ಶುರುವಾದಾಗೆಲ್ಲ ನಮ್ಮ ಮನೆ ಬಲ್ಬ್ ಮಂಕಾಗುತ್ತೆ, ವರ್ಷಗಟ್ಟಲೆ ಆ ಏಟು ತಿಂದು ಸೋತಿತ್ತೇನೋ ಪಾಪ. ಹೊಸ ಎಸ್‌ಎಂಪಿಎಸ್ ಹಾಕಿದೆ, ಒಂದು ಸಣ್ಣ ಬೀಪ್ ಬಂತು. ಎಪಿಸೋಡಿನ ಫೈಲ್ ಇದ್ದಲ್ಲೇ ಇತ್ತು, ಅದನ್ನೇ ನೀವೀಗ ಕೇಳ್ತಿರೋದು.

ನಿಮ್ಮ ಮನೆ ಅಟ್ಟದ ಮೇಲೆ ಹಳೇ ಮದರ್‌ಬೋರ್ಡ್ ಬಿದ್ದಿದ್ದರೆ ಕೆಪಾಸಿಟರ್ ತಲೆ ನೋಡ್ರಿ. ಉಬ್ಬಿದ್ದರೆ ಒಂದು ಫೋಟೋ ಕಳಿಸ್ರಿ. ಮುಂದಿನ ವಾರ ಸಿಗೋಣ, ಬರ್ತೀನ್ರೀ.