ಕಡಲಿಲ್ಲದ ಊರಿನಲ್ಲಿ ಹವಳದ ಮೀನು

ಹೈದರಾಬಾದಿಗೆ ಕಡಲಿಲ್ಲ, ಆದರೂ ಅದು ಮುತ್ತಿನ ನಗರವೆಂದೇ ಹೆಸರಾಗಿದೆ. ಗೋಲ್ಕೊಂಡದ ಕುತುಬ್ ಶಾಹಿಗಳ ಕಾಲದಲ್ಲಿ ಮಚಲಿಪಟ್ಟಣ ಈ ರಾಜ್ಯದ ಬಂದರಾಗಿತ್ತು. 1766ರ ಒಪ್ಪಂದದಲ್ಲಿ ನಿಜಾಮರು ಉತ್ತರ ಸರ್ಕಾರುಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 18ನೆಯ ಶತಮಾನ ಮುಗಿಯುವುದರೊಳಗೆ ಉಳಿದ ಗುಂಟೂರೂ ಕೈಬಿಟ್ಟಿತು. ಕಲಬುರಗಿ, ಬೀದರ, ರಾಯಚೂರುಗಳನ್ನು ಒಳಗೊಂಡಿದ್ದ ಆ ವಿಶಾಲ ಸಂಸ್ಥಾನ ಹೀಗೆ ಕರಾವಳಿಯಿಲ್ಲದ ನಾಡಾಯಿತು. ಅಂಥ ನಾಡಿನ ರಾಜಧಾನಿಯಾಗಿದ್ದ ಊರಿನಲ್ಲಿ ಇಂದು ಗಾಜಿನ ತೊಟ್ಟಿಯೊಳಗೆ ಉಪ್ಪುನೀರು ತುಂಬಿ, ಹವಳದ ದಿಬ್ಬಗಳ ಮೀನುಗಳನ್ನು ಸಾಕುವ ಹವ್ಯಾಸಿಗಳಿದ್ದಾರೆ. ಅವರನ್ನು ಹೆಚ್ಚು ಸೆಳೆಯುವ, ಹೆಚ್ಚು ಸೋಲಿಸುವ ಮೀನುಗಳಲ್ಲಿ ಒಂದು ಆಂಥಿಯಾಸ್.

ಈ ಹೆಸರು ಬಹಳ ಹಳೆಯದು. ಆಂಥಿಯಾಸ್ ಕಂಡಲ್ಲಿ ಅಪಾಯಕಾರಿ ಜಲಚರಗಳಿರುವುದಿಲ್ಲವೆಂದು ನಂಬಿ ಸ್ಪಂಜು ತೆಗೆಯುವವರು ಧೈರ್ಯವಾಗಿ ಮುಳುಗುತ್ತಾರೆ, ಅದನ್ನು ಪವಿತ್ರ ಮೀನೆಂದು ಕರೆಯುತ್ತಾರೆ ಎಂದು ಅರಿಸ್ಟಾಟಲ್ ದಾಖಲಿಸಿದ್ದಾನೆ. ಅವನು ಹೇಳಿದ ಮೀನು ಯಾವುದೆಂಬ ಚರ್ಚೆ ಬೇರೆ. ಹೆಸರನ್ನಂತೂ 1792ರಲ್ಲಿ ಜರ್ಮನಿಯ ಬ್ಲಾಕ್ ಒಂದು ಕುಲಕ್ಕೆ ಇಟ್ಟ. ಇಂದು ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ, ಹಿಂದೂ ಮಹಾಸಾಗರದಲ್ಲೂ ವ್ಯಾಪಿಸಿರುವ ಸ್ಕ್ವಾಮಿಪಿನಿಸ್ ಎಂಬ ಪ್ರಭೇದವನ್ನು 1855ರಲ್ಲಿ ವಿಲ್ಹೆಲ್ಮ್ ಪೀಟರ್ಸ್ ಮೊಜಾಂಬಿಕ್‌ನ ಮಾದರಿಗಳಿಂದ ವರ್ಣಿಸಿದ. ಹೆಣ್ಣು ಹೊನ್ನಿನ ಕಿತ್ತಳೆ ಬಣ್ಣದ್ದು. ಗಂಡು ನೇರಳೆಗೆಂಪು, ಬೆನ್ನಿನ ರೆಕ್ಕೆಯ ಒಂದು ಮುಳ್ಳು ಎಳೆಯಂತೆ ನೀಳವಾಗಿ ಚಾಚಿರುತ್ತದೆ.

ಪೀಟರ್ಸ್ ಈ ಮೀನಿಗೆ ಹೆಸರಿಡುತ್ತಿದ್ದ ಕಾಲದಲ್ಲೇ ಕಡಲು ಗಾಜಿನೊಳಗೆ ಬರತೊಡಗಿತ್ತು. 1846ರಲ್ಲಿ ಆ್ಯನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕಿಯ ದಡದಿಂದ ಹವಳಜೀವಿಗಳನ್ನು ಲಂಡನ್ನಿಗೆ ತಂದಳು. ನೀರಿಗೆ ಗಾಳಿ ಬೆರೆಯಲೆಂದು ಮನೆಗೆಲಸದವಳು ಕಿಟಕಿಯ ಬಳಿ ನಿಂತು ಆ ಉಪ್ಪುನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಇಂದು ಪಂಪು ಮಾಡುವ ಕೆಲಸವನ್ನು ಅಂದು ಹೆಸರು ಉಳಿಯದ ಒಬ್ಬ ಹೆಂಗಸಿನ ತೋಳುಗಳು ಮಾಡಿದವು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ 'ಅಕ್ವೇರಿಯಂ' ಎಂಬ ಮಾತನ್ನು ಮನೆಮಾತಾಗಿಸಿತು. ನಮ್ಮಲ್ಲಿ 1909ರಲ್ಲಿ ಮದರಾಸಿನ ಮರೀನಾದಲ್ಲಿ, 1951ರಲ್ಲಿ ಮುಂಬಯಿಯಲ್ಲಿ ಮೀನುಮನೆಗಳು ತೆರೆದವು. ಎರಡೂ ಕಡಲದಂಡೆಯವು.

ಒಳನಾಡಿನ ಹವ್ಯಾಸಿಗೆ ದಾರಿ ತೆರೆದದ್ದು 1960ರ ದಶಕ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಜೀವಿಗಳಿಂದ ತುಂಬಿದ ದಿಬ್ಬದ ಕಲ್ಲುಗಳೇ ತೊಟ್ಟಿಯ ನೀರನ್ನು ಶುದ್ಧವಾಗಿಡಬಲ್ಲವೆಂದು ಬರೆದು ತೋರಿಸಿದ. ಅದೇ ದಶಕದಲ್ಲಿ ಅಮೆರಿಕದಲ್ಲಿ ಸಿದ್ಧ ಸಮುದ್ರಲವಣದ ಮಿಶ್ರಣ ಮಾರುಕಟ್ಟೆಗೆ ಬಂತು. ಲೀಟರಿಗೆ ಸುಮಾರು 35 ಗ್ರಾಂ ಲವಣ, ಅಂದರೆ 200 ಲೀಟರಿನ ತೊಟ್ಟಿಗೆ ಸುಮಾರು 7 ಕಿಲೋ. ಶುದ್ಧೀಕರಿಸಿದ ನೀರಿದ್ದರೆ ಎಲ್ಲಿಯಾದರೂ ಕಡಲನ್ನು ಕಲಸಬಹುದೆಂದಾಯಿತು. ಮಚಲಿಪಟ್ಟಣದ 300 ಕಿಲೋಮೀಟರಿಗೂ ಮಿಕ್ಕ ದೂರ ಅಲ್ಲಿಗೆ ಅಡ್ಡಿಯಾಗಿ ಉಳಿಯಲಿಲ್ಲ.

ನೀರು ಸಿಕ್ಕಿದರೂ ಆಂಥಿಯಾಸ್ ಸುಲಭವಾಗಿ ಒಲಿಯುವುದಿಲ್ಲ. ದಿಬ್ಬದ ಮೇಲೆ ಹರಿವಿಗೆ ಮುಖ ಮಾಡಿ ನಿಂತು, ತೇಲಿ ಬರುವ ಸೂಕ್ಷ್ಮಜೀವಿಗಳನ್ನು ಹಗಲೆಲ್ಲ ಹೆಕ್ಕಿ ತಿನ್ನುವ ಮೀನಿದು. ದಿನಕ್ಕೊಮ್ಮೆ ಹಿಡಿ ಆಹಾರ ಹಾಕಿದರೆ ಸೊರಗುತ್ತದೆ. ಹಲವು ಬಾರಿ ಸ್ವಲ್ಪಸ್ವಲ್ಪವೇ ಉಣಿಸಬೇಕು. ಉಣಿಸಿದಷ್ಟೂ ನೀರು ಕೆಡುತ್ತದೆ. 40 ಡಿಗ್ರಿ ದಾಟುವ ಹೈದರಾಬಾದಿನ ಬೇಸಿಗೆಯಲ್ಲಿ ನೀರನ್ನು 25 ಡಿಗ್ರಿಯ ಆಸುಪಾಸಿನಲ್ಲಿ ತಂಪಾಗಿಡುವ ಯಂತ್ರವೂ ಬೇಕು. ಅದಕ್ಕಿಂತ ದೊಡ್ಡ ಕಷ್ಟ ಸಂಸಾರದ್ದು. ಈ ಮೀನುಗಳೆಲ್ಲ ಹೆಣ್ಣಾಗಿಯೇ ಬೆಳೆಯುತ್ತವೆ. ಒಂದು ಗಂಡಿನ ಸುತ್ತ ಹಲವು ಹೆಣ್ಣುಗಳು ಮೇಲುಕೀಳಿನ ಕ್ರಮದಲ್ಲಿ ಬದುಕುತ್ತವೆ. ಗಂಡು ಇಲ್ಲವಾದರೆ ಮುಂದಾಳಾದ ಹೆಣ್ಣು ಕೆಲವೇ ವಾರಗಳಲ್ಲಿ ಗಂಡಾಗಿ ಮಾರ್ಪಡುತ್ತದೆ. ಲೆವ್ ಫಿಶೆಲ್ಸನ್ 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದಾಗ ಒಂದು ಮಾತು ಸ್ಪಷ್ಟವಾಯಿತು: ಈ ಮೀನಿನ ದೇಹವನ್ನು ರೂಪಿಸುವುದರಲ್ಲಿ ಅದರ ನೆರೆಹೊರೆಗೂ ಪಾಲಿದೆ. ಒಂಟಿ ಆಂಥಿಯಾಸನ್ನು ಸಾಕುವವನು ಮೀನಿನ ಅರ್ಧವನ್ನು ಮಾತ್ರ ಸಾಕುತ್ತಾನೆ.

ಆ ಗುಂಪು ಬರುವುದೆಲ್ಲಿಂದ? ಅಂಗಡಿಗೆ ಬರುವ ಆಂಥಿಯಾಸ್‌ಗಳಲ್ಲಿ ಬಹುಪಾಲು ದಿಬ್ಬಗಳಲ್ಲಿ ಹಿಡಿದವು. ಇಂಥ ಮೀನುಗಳಿರುವ ಲಕ್ಷದ್ವೀಪ ಕನ್ನಡಿಗರಿಗೆ ತೀರ ಅಪರಿಚಿತವೂ ಅಲ್ಲ. 1780ರ ದಶಕದಲ್ಲಿ ಅಮಿನಿ ದ್ವೀಪದವರು ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಸಹಿಸಲಾರದೆ ಮಂಗಳೂರಿಗೆ ಬಂದು ಟಿಪ್ಪುವಿನ ಮೊರೆಹೊಕ್ಕರು. 1799ರ ನಂತರ ಅಮಿನ್‌ದಿವಿ ದ್ವೀಪಗಳು ಕಂಪನಿಯ ವಶವಾಗಿ, ಮಂಗಳೂರಿನ ಅಧಿಕಾರಿಗಳ ಆಡಳಿತಕ್ಕೆ ಒಳಪಟ್ಟವು. 1956ರ ನವೆಂಬರ್ 1ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಕರ್ನಾಟಕ ಒಂದಾದ ದಿನವೇ ಆ ಹವಳದ್ವೀಪಗಳು ಮಂಗಳೂರಿನ ಕೈಬಿಟ್ಟು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು.

ಆ ದಿಬ್ಬಗಳ ನಂತರದ ಕಥೆ ಸುಖದ್ದಲ್ಲ. 1998ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳಗಳು ಬಿಳಿಚಿ ದೊಡ್ಡ ಪ್ರಮಾಣದಲ್ಲಿ ಸತ್ತವು. 2010 ಮತ್ತು 2016ರಲ್ಲಿ ಮತ್ತೆ ಬಿಳಿಚಿದವು. ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಗೆ ಸೇರಿದವು; ನಮ್ಮ ಕಡಲಿನ ಹವಳವನ್ನು ಕಿತ್ತು ಮನೆಗೆ ತರುವುದು ಅಪರಾಧವಾಯಿತು. ಕಾನೂನು ಕೈಯನ್ನು ತಡೆಯಬಲ್ಲದು, ಬಿಸಿಯನ್ನಲ್ಲ.

ಆ ಬಿಸಿಯನ್ನು ಅಳೆಯುವ ಕೆಲಸ ಈಗ ಹೈದರಾಬಾದಿನಲ್ಲೇ ನಡೆಯುತ್ತಿದೆ. 1999ರಲ್ಲಿ ಇಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಉಪಗ್ರಹಗಳು ಕಳಿಸುವ ಕಡಲಮೇಲ್ಮೈಯ ಉಷ್ಣತೆಯನ್ನು ನೋಡಿ ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಗಳ ಹವಳಗಳಿಗೆ ಮುನ್ನೆಚ್ಚರಿಕೆ ನೀಡುತ್ತದೆ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಹವಳ ಬಿಳಿಚುತ್ತದೆ. ಆ ಒಂದು ಡಿಗ್ರಿಯ ಬೆಲೆ ಮನೆಯಲ್ಲಿ ತೊಟ್ಟಿಯಿಟ್ಟವರಿಗೆ ಗೊತ್ತು. ಕರೆಂಟು ಹೋದ ಮೇ ತಿಂಗಳ ಮಧ್ಯಾಹ್ನ ಅವರು ನೀರಿನ ಉಷ್ಣಮಾಪಕವನ್ನೇ ನೋಡುತ್ತಿರುತ್ತಾರೆ. ಅವರ ತೊಟ್ಟಿಯನ್ನು ತಂಪಾಗಿಸಲು ಯಂತ್ರವುಂಟು. ದಿಬ್ಬಕ್ಕೆ ಅಂಥದ್ದಿಲ್ಲ. ಇಷ್ಟನ್ನು ತಿಳಿದು ಆಂಥಿಯಾಸ್ ಸಾಕುವವರು ಮೀನು ಎಲ್ಲಿಯದು, ಹೇಗೆ ಹಿಡಿದದ್ದು ಎಂದು ಮಾರುವವರನ್ನು ಕೇಳಿಯೇ ಕೊಳ್ಳಬೇಕು. ಗುಂಪನ್ನು ಪೊರೆಯುವಷ್ಟು ನೀರೂ ಬಿಡುವೂ ಇಲ್ಲದಿದ್ದರೆ ಅದನ್ನು ಕಡಲಿಗೇ ಬಿಡಬೇಕು.