ಹದಿನಾರು ಅಂಶಗಳ ಮಳೆಲೆಕ್ಕ

ಲಕ್ಷ್ಮೀ ನಗರಕ್ಕೆ ಬಂದು ಮೂವತ್ತು ವರ್ಷದ ಮೇಲಾಯ್ತು. ಈಗಲೂ ಜೂನ್ ಬಂತೆಂದರೆ ಪೇಪರಿನಲ್ಲಿ ಮೊದಲು ಹುಡುಕೋದು ಮಳೆ ಎಲ್ಲಿಗೆ ಬಂತು ಅನ್ನೋದನ್ನ. ದೆಹಲಿಗಲ್ಲ ಸ್ವಾಮಿ, ಪಾವಗಡದ ಕಡೆಗೆ! ವಿಚಿತ್ರ ನೋಡಿ, ಆ ಮಳೆಯ ಭವಿಷ್ಯ ಹೇಳುವ ಮೌಸಮ್ ಭವನ ಇರೋದು ನಮ್ಮ ಮನೆಯಿಂದ ಯಮುನೆ ದಾಟಿದರೆ ಸಿಗುವ ಲೋಧಿ ರೋಡಿನಲ್ಲಿ. ಅದರ ಲೆಕ್ಕದ ಕಥೆ ಸ್ವಾರಸ್ಯವಾಗಿದೆ.

ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಮರುವರ್ಷವೇ ಧಾತು-ಈಶ್ವರ ಸಂವತ್ಸರದ ಬರ. ನಮ್ಮ ಅಜ್ಜಿಯರ ಕಾಲದವರೆಗೂ ಆ ಹೆಸರು ಹೇಳಿದರೆ ಜನ ಬೆಚ್ಚುತ್ತಿದ್ದರು. ಮಳೆ ಕೈಕೊಡುತ್ತದೆ ಅಂತ ಮೊದಲೇ ಗೊತ್ತಾದರೆ ಎಷ್ಟು ಜೀವ ಉಳಿಸಬಹುದು ಅನ್ನೋ ಪ್ರಶ್ನೆ ಅಲ್ಲಿಂದ ಗಟ್ಟಿಯಾಯ್ತು. ಬ್ಲಾನ್‌ಫರ್ಡ್ ಎಂಬಾತ ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದ ವರ್ಷ ಮಳೆ ಕಮ್ಮಿ ಅಂತ ಗುರುತಿಸಿ 1886ರಿಂದ ಭವಿಷ್ಯ ಹೇಳತೊಡಗಿದ. ಮುಂದೆ ಬಂದ ಎಲಿಯಟ್ ಪುಟಗಟ್ಟಲೆ ಬರೆದ, 1899ರಲ್ಲಿ ಎಡವಿದ. ಆ ವರ್ಷ ಭೀಕರ ಬರ.

1904ರಲ್ಲಿ ಬಂದದ್ದು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತಜ್ಞ, ಹವಾಮಾನದ ಗಂಧಗಾಳಿ ಇಲ್ಲ! (ಬೂಮರಾಂಗ್ ಹಾರುವ ಗಣಿತ ಬರೆದು ಹೆಸರು ಮಾಡಿದ್ದ.) ಭೌತಶಾಸ್ತ್ರದಿಂದ ಮಳೆಯನ್ನು ಬಿಡಿಸಲು ಸದ್ಯಕ್ಕಾಗದು, ಅಂಕಿಗಳೇ ಮಾತಾಡಲಿ ಅನ್ನೋದು ಅವನ ದಾರಿ. ಗುಮಾಸ್ತರನ್ನು ಕೂರಿಸಿ ಪ್ರಪಂಚದ ಬೇರೆ ಬೇರೆ ಕಡೆಯ ಗಾಳಿಯ ಒತ್ತಡ, ಉಷ್ಣತೆ, ಮಳೆಗಳನ್ನೆಲ್ಲ ಒಂದಕ್ಕೊಂದು ತಾಳೆ ಹಾಕಿಸಿದ. ಪೆಸಿಫಿಕ್‌ನಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ ಎಂಬ ತೂಗಾಟ ಸಿಕ್ಕಿದ್ದು ಹಾಗೆ. ಇವತ್ತು ಎಲ್ಲರ ಬಾಯಲ್ಲಿರುವ ಎಲ್ ನಿನೋ ಅದರ ಇನ್ನೊಂದು ಮುಖ.

ಇನ್ನು ನೇರವಾಗಿ 1988ಕ್ಕೆ ಬರೋಣ. ಹಿಂದಿನ ವರ್ಷ ಬರ ಬಡಿದಿತ್ತು. ವಸಂತ ಗೋವಾರಿಕರ್ ಮತ್ತು ಸಂಗಡಿಗರು ಹಿಮ, ಸಮುದ್ರ, ಗಾಳಿ ಅಂತ ಹದಿನಾರು ಅಂಶಗಳ ಸೂತ್ರ ಮಾಡಿದರು. ವರ್ಷದಿಂದ ವರ್ಷಕ್ಕೆ 'ಮಳೆ ವಾಡಿಕೆಯಂತೆ' ಅಂತ ಬಂತು, ಮಳೆಯೂ ಬಂತು. 2002ರಲ್ಲಿ ಸೂತ್ರ ಹೇಳಿದ್ದು ವಾಡಿಕೆಯ ಶೇ. 101. ಆ ಜುಲೈಯಲ್ಲಿ ದೆಹಲಿಯ ಆಕಾಶ ನೋಡಿದವರಿಗೆ ನೆನಪಿರಬೇಕು. ಕೊನೆಗೆ ದೇಶಕ್ಕೆ ಬಿದ್ದದ್ದು ಶೇ. 81!

ಹದಿನಾಲ್ಕು ವರ್ಷ ಸರಿ ಇದ್ದ ಲೆಕ್ಕ ತಪ್ಪಿದ್ದೇಕೆ? ನನಗನ್ನಿಸೋದು, ಅದು ನಿಜವಾಗಿ ಪರೀಕ್ಷೆಗೇ ಕೂತಿರಲಿಲ್ಲ. 1988ರಿಂದ 2001ರವರೆಗೆ ದೇಶಕ್ಕೆ ಒಂದೂ ಬರದ ವರ್ಷ ಇಲ್ಲ. ಪ್ರತಿ ವರ್ಷ ಕಣ್ಣುಮುಚ್ಚಿ 'ವಾಡಿಕೆ' ಅಂದಿದ್ದರೂ ಹೆಚ್ಚುಕಮ್ಮಿ ಅಷ್ಟೇ ಅಂಕ ಸಿಗುತ್ತಿತ್ತು. ಮೇಲಾಗಿ ಕೆಲವೇ ದಶಕಗಳ ಮಳೆಗೆ ಹದಿನಾರು ಅಂಶ ಹೊಂದಿಸಿದರೆ ಕಳೆದದ್ದಕ್ಕೆ ಚೆನ್ನಾಗೇ ಕೂರುತ್ತದೆ, ಬರುವುದಕ್ಕೆ ಕೂರಬೇಕಲ್ಲ? ಸಂಬಂಧಗಳೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಹೊಸ ಸೂತ್ರಗಳು ಬಂದವು, 2004 ಮತ್ತೆ ಕೈಕೊಟ್ಟಿತು. 2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ರವಿ ನಂಜುಂಡಯ್ಯ ಮತ್ತು ಹವಾಮಾನ ಇಲಾಖೆಯವರೇ ಆದ ರಾಜೀವನ್ ಸೇರಿ, ಏಳು ದಶಕಗಳಲ್ಲಿ ಇಂಥ ಭವಿಷ್ಯದ ಗುಣಮಟ್ಟ ಸುಧಾರಿಸಿಯೇ ಇಲ್ಲ ಅಂತ ಬರೆದರು. ಧೈರ್ಯದ ಮಾತು.

ಇನ್ನೊಂದು ದಾರಿ, ಗಾಳಿಯ ಸಮೀಕರಣಗಳನ್ನೇ ಕಂಪ್ಯೂಟರಿನಲ್ಲಿ ಬಿಡಿಸೋದು. ಅದಕ್ಕೆ ದೆಹಲಿಗೆ ಅಮೆರಿಕದಿಂದ ಕ್ರೇ ಯಂತ್ರ ಬಂತು. ಬೆಂಗಳೂರಿನ ಎನ್ಎಎಲ್‌ನಲ್ಲಿ ನಮ್ಮ ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ 1986ರಲ್ಲಿ ಶುರುವಾದ ದೇಸಿ ಫ್ಲೋಸಾಲ್ವರ್, ಮುಂದೆ ಅದೇ ಹವಾಮಾನ ಮಾದರಿಯನ್ನು ಓಡಿಸಿ ತೋರಿಸಿತು. ಆ ಕೇಂದ್ರ ಈಗ ನೋಯ್ಡಾ ಸೆಕ್ಟರ್ 62ರಲ್ಲಿದೆ. ಯಮುನಾ ಬ್ಯಾಂಕಿನಲ್ಲಿ ಮೆಟ್ರೋ ಬದಲಿಸಿದರೆ ಆಯ್ತು.

2025ರಲ್ಲಿ ತೀರಿಕೊಂಡ ಸುಲೋಚನಾ ಅವರ ಇನ್ನೊಂದು ಕೆಲಸ ನನಗೆ ಹೆಚ್ಚು ಇಷ್ಟ. ಅವರೂ ಸಂಗಡಿಗರೂ ಪಾವಗಡ-ಅನಂತಪುರದ ಕಡ್ಲೆಕಾಯಿ ರೈತರ ಹತ್ತಿರ ಹೋಗಿ ಕೂತರು. ದೇಶದ ಸರಾಸರಿ ಶೇ. 98 ಇದ್ದರೆಷ್ಟು, 102 ಇದ್ದರೆಷ್ಟು, ಆ ರೈತನಿಗೆ ಬೇಕಾದ್ದು ಯಾವಾಗ ಬಿತ್ತಬೇಕು ಅನ್ನೋದು. ಹಳೇ ಮಳೆ ದಾಖಲೆಯನ್ನು ಬೆಳೆಯ ಮಾದರಿಗೆ ಹಾಕಿ, ಬೇರೆ ಬೇರೆ ದಿನ ಬಿತ್ತಿದರೆ ಇಳುವರಿ ಎಷ್ಟು ಅಂತ ಕಂಪ್ಯೂಟರಿನಲ್ಲಿ ನೋಡಿದರು. ಕಾಯಿ ಕಟ್ಟುವಾಗ ತೇವ ಇದೆಯೋ ಇಲ್ಲವೋ ಅನ್ನೋದರ ಮೇಲೆ ಫಸಲು ನಿಲ್ಲುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬಿತ್ತೋದು ಒಳ್ಳೆಯದು ಅಂತ ಉತ್ತರ ಬಂತು. ನಮ್ಮವರು ಬಿತ್ತುತ್ತಿದ್ದದ್ದೂ ಹೆಚ್ಚುಕಮ್ಮಿ ಆಗಲೇ.